ಥಂಡರ್‌ಬರ್ಡ್ಸ್ ಗೊಂಬೆ ಸರಣಿ: ಗೆಲ್ಲೋಕಲ್ಲ, ಉಳಿಸೋಕೆ ಹೊರಟವರ ಕಥೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 2023ರ ದೀಪಾವಳಿ ದಿನ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ ಒಳಗೆ ಸಿಕ್ಕಿಹಾಕಿಕೊಂಡಿದ್ದರಲ್ಲ, ಆ 17 ದಿನ ನಮ್ಮ ಮನೇಲಿ ಸುದ್ದಿ ವಾಹಿನಿ ಆರಿಸಿದ್ದೇ ಇಲ್ಲ. ಕೊರೆಯೋ ಆಗರ್ ಯಂತ್ರವನ್ನ ವಾಯುಪಡೆಯ ಹರ್ಕ್ಯುಲಿಸ್ ವಿಮಾನದಲ್ಲಿ ಬಿಡಿಬಿಡಿಯಾಗಿ ಹೇರಿಕೊಂಡು ಹೋಗಿ ಬೆಟ್ಟದ ಸಣ್ಣ ರನ್‌ವೇ ಮೇಲೆ ಇಳಿಸಿದ ದಿನ, ಇಂಗ್ಲೆಂಡಿನಲ್ಲಿರೋ ನಮ್ಮ ಭಾವ ಫೋನ್ ಮಾಡಿದರು. "ಇದು ಥಂಡರ್‌ಬರ್ಡ್ 2 ಮಾಡೋ ಕೆಲಸ ಕಣೋ" ಅಂದರು. ನನಗೆ ಅರ್ಥ ಆಗಲಿಲ್ಲ. ಅವರೇ ಮುಂದಿನ ಸಲ ಊರಿಗೆ ಬಂದಾಗ ಇಡೀ ಸರಣಿಯ ಡಿವಿಡಿ ತಂದುಕೊಟ್ಟರು. 32 ಕಂತು, ಒಂದೊಂದೂ 50 ನಿಮಿಷ. ಎಲ್ಲ ನೋಡಿ ಮುಗಿಸಿದೆ, ಕೆಲವನ್ನ ಎರಡೆರಡು ಸಲ.

ಗೊತ್ತಿಲ್ಲದವರಿಗೆ: ಇದು ಬ್ರಿಟನ್ನಿನ ಮಕ್ಕಳ ವಿಜ್ಞಾನ ಕಥೆ, ಪಾತ್ರಧಾರಿಗಳೆಲ್ಲ ಸೂತ್ರದ ಗೊಂಬೆಗಳು. ಗೆರ್ರಿ ಆಂಡರ್ಸನ್, ಸಿಲ್ವಿಯಾ ಆಂಡರ್ಸನ್ ದಂಪತಿ ಮಾಡಿದ್ದು. ಮೊದಲ ಕಂತು ಪ್ರಸಾರವಾಗಿದ್ದು 1965ರ ಸೆಪ್ಟೆಂಬರ್ 30ಕ್ಕೆ. ಜೆಫ್ ಟ್ರೇಸಿ ಅನ್ನೋ ಹಳೇ ಗಗನಯಾತ್ರಿ, ಅವನ ಐದು ಜನ ಗಂಡುಮಕ್ಕಳು, ದಕ್ಷಿಣ ಪೆಸಿಫಿಕ್‌ನ ಒಂದು ದ್ವೀಪದಲ್ಲಿ ಗುಟ್ಟಾಗಿ 'ಇಂಟರ್‌ನ್ಯಾಷನಲ್ ರೆಸ್ಕ್ಯೂ' ಅನ್ನೋ ಪಡೆ ಕಟ್ಟಿಕೊಂಡಿರ್ತಾರೆ. ಪ್ರಪಂಚದ ಯಾವ ಮೂಲೇಲಿ ಯಾರು ಸಿಕ್ಕಿಹಾಕಿಕೊಂಡರೂ ಹೋಗಿ ಬಿಡಿಸೋದು, ಅಷ್ಟೇ ಕೆಲಸ. ಅವರ ವಾಹನಗಳ ಹೆಸರೇ ಥಂಡರ್‌ಬರ್ಡ್ 1, 2 ಹೀಗೆ; ಭಾರವಾದ ಯಂತ್ರಗಳನ್ನ ಹೊತ್ತು ಹೋಗೋ ದೊಡ್ಡ ವಿಮಾನ ಥಂಡರ್‌ಬರ್ಡ್ 2.

ಭಾವನ ಮಾತು ಎಷ್ಟು ನಿಜ ಅಂತ ಆಮೇಲೆ ತಿಳೀತು. 1963ರ ಅಕ್ಟೋಬರ್ 24ರಂದು ಪಶ್ಚಿಮ ಜರ್ಮನಿಯ ಲೆಂಗೆಡೆ ಊರಿನ ಕಬ್ಬಿಣದ ಅದಿರಿನ ಗಣಿಗೆ ಮೇಲಿದ್ದ ಕೆಸರುಕೊಳ ಒಡೆದು ನೀರು ನುಗ್ಗಿತು. ಒಳಗೆ 129 ಜನ. 29 ಜನ ಸತ್ತರು. ಎಲ್ಲರೂ ಹೋದರು ಅಂದುಕೊಂಡ ಮೇಲೆ, ಹಳೇ ಗುದ್ದೊಂದರಲ್ಲಿ 11 ಜನ ಬದುಕಿದ್ದಾರೆ ಅಂತ ಗೊತ್ತಾಗಿ, ತೂತು ಕೊರೆದು, ಮನುಷ್ಯ ನೆಟ್ಟಗೆ ನಿಲ್ಲುವಷ್ಟೇ ಅಗಲದ ಉಕ್ಕಿನ ಕೊಳವೆ ಇಳಿಸಿ, 14ನೇ ದಿನ ಒಬ್ಬೊಬ್ಬರನ್ನಾಗಿ ಮೇಲೆತ್ತಿದರು. ಗೆರ್ರಿ ಆಂಡರ್ಸನ್ ಈ ಸುದ್ದಿ ಕೇಳ್ತಾ ಇದ್ದಾಗ ಅವರ ಮನಸ್ಸಲ್ಲಿ ನಿಂತಿದ್ದು ಒಂದೇ ವಿಷಯ: ಬೇಕಾದ ಕೊರೆಯೋ ಯಂತ್ರ ದೂರದ ಬ್ರೆಮನ್‌ನಲ್ಲಿತ್ತು, ಅದು ಬರೋವರೆಗೂ ಕಾಯಬೇಕಾಯ್ತು. ಇಂಥ ಯಂತ್ರಗಳೆಲ್ಲ ಒಂದೇ ಕಡೆ ಸಜ್ಜಾಗಿದ್ದು, ಕರೆ ಬಂದ ತಕ್ಷಣ ಹಾರಿ ಹೋಗುವ ಹಾಗಿದ್ದರೆ? ಸರಣಿ ಹುಟ್ಟಿದ್ದು ಅಲ್ಲಿಂದ.

ಅದಕ್ಕೇ ನನಗೆ ಇದು ಬೇರೆ ಸಾಹಸ ಕಥೆಗಳಿಗಿಂತ ಬೇರೆ ಅನ್ನಿಸಿದ್ದು. ಇಲ್ಲಿ ರೋಮಾಂಚನ ಇರೋದು ಶತ್ರುವನ್ನ ಹೊಡೆಯೋದರಲ್ಲಿ ಅಲ್ಲ, ಸರಿಯಾದ ಸಾಮಾನನ್ನ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಮುಟ್ಟಿಸೋದರಲ್ಲಿ. ನೋಡಿದವರು ಏನಂತೀರಿ?

ಹಾಸನ ಹೈದ:
ಸಾರ್, ನಿಮ್ಮ ಉತ್ಸಾಹ ನೋಡಿ ಖುಷಿಯಾಯ್ತು. ಆದರೆ ನಾನು ಹಿಂದೊಮ್ಮೆ ಒಂದು ಕಂತು ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದೆ. ತುಂಬಾ ನಿಧಾನ. ಒಂದು ವಿಮಾನ ಹೊರಡೋಕೇ ನಾಲ್ಕೈದು ನಿಮಿಷ ಹಿಡಿಯತ್ತೆ. ಗೊಂಬೆಗಳಿಗೆ ತಲೆ ದೊಡ್ಡದು, ತುಟಿ ಮಾತ್ರ ಪಟಪಟ ಅನ್ನತ್ತೆ, ಮುಖದಲ್ಲಿ ಬೇರೇನೂ ಕದಲಲ್ಲ. ನಡೆಯೋದಂತೂ ಇಲ್ಲವೇ ಇಲ್ಲ. ಈಗಿನ ಮಕ್ಕಳು ಇದನ್ನ ಕೂತು ನೋಡ್ತಾರಾ?

ಸ್ಲೌ ಕನ್ನಡತಿ:
ಈ ಚರ್ಚೆ ನೋಡಿ ಬರೀದೇ ಇರೋಕಾಗಲಿಲ್ಲ. ನಾನು ಕೆಲಸ ಮಾಡೋದು ಸ್ಲೌ ಊರಿನಲ್ಲಿ, ಸ್ಲೌ ಟ್ರೇಡಿಂಗ್ ಎಸ್ಟೇಟಿನ ಪಕ್ಕದಲ್ಲೇ. ದೊಡ್ಡ ಕೈಗಾರಿಕಾ ಬಡಾವಣೆ ಅದು, ನಮ್ಮ ಪೀಣ್ಯದ ಥರ ಅಂದುಕೊಳ್ಳಿ. ಅಲ್ಲಿನ ಸ್ಟರ್ಲಿಂಗ್ ರಸ್ತೆಯ ಕಾರ್ಖಾನೆ ಕಟ್ಟಡಗಳಲ್ಲಿ ಥಂಡರ್‌ಬರ್ಡ್ಸ್ ತಯಾರಾಗಿದ್ದು. ನಾನು ಮಧ್ಯಾಹ್ನ ಊಟ ಆದ ಮೇಲೆ ಆ ರಸ್ತೇಲಿ ಎಷ್ಟೋ ಸಲ ನಡೆದಿದ್ದೀನಿ. ಲಾರಿ, ಗೋದಾಮು, ತಗಡಿನ ಚಾವಣಿ. ಇಂಥ ಜಾಗದಲ್ಲಿ ಕೂತು ದಕ್ಷಿಣ ಪೆಸಿಫಿಕ್ ದ್ವೀಪ ಕಟ್ಟಿದರು ಅಂದರೆ ನನಗೆ ಪ್ರತಿ ಸಲವೂ ಮೈ ಜುಮ್ ಅನ್ನತ್ತೆ.

ಹಾಸನದವರೇ, ತಲೆ ದೊಡ್ಡದಿರೋದಕ್ಕೆ ಕಾರಣ ಇದೆ. ಗೊಂಬೆ ಸುಮಾರು 22 ಇಂಚು ಎತ್ತರ, ತಲೆ ಫೈಬರ್‌ಗ್ಲಾಸಿನದು. ಆ ತಲೆಯೊಳಗೆ ಒಂದು ಸಾಲೆನಾಯ್ಡ್, ಅಂದರೆ ವಿದ್ಯುತ್ ಹರಿದಾಗ ಎಳೆದುಕೊಳ್ಳೋ ಸುರುಳಿ. ಮಾತನ್ನ ಮೊದಲೇ ಟೇಪಿನಲ್ಲಿ ಮುದ್ರಿಸಿಕೊಂಡಿರ್ತಾರೆ. ಚಿತ್ರೀಕರಣದ ಹೊತ್ತಲ್ಲಿ ಟೇಪ್ ಓಡಿಸಿದರೆ ಆ ಧ್ವನಿಯ ಸಂಕೇತವೇ ಗೊಂಬೆ ನೇತಾಡೋ ತಂತಿಯಲ್ಲಿ ಹರಿದು ತುಟಿ ಕದಲಿಸತ್ತೆ. ಕೂದಲಿನಷ್ಟು ಸಣ್ಣ ಟಂಗ್‌ಸ್ಟನ್ ತಂತಿ. ಅದೇ ಗೊಂಬೆಯ ಭಾರವನ್ನೂ ಹೊರಬೇಕು, ಕರೆಂಟನ್ನೂ ಒಯ್ಯಬೇಕು. ಕ್ಯಾಮೆರಾಗೆ ಕಾಣಬಾರದು ಅಂತ ಹಿಂದಿನ ಗೋಡೆಯ ಬಣ್ಣಕ್ಕೆ ಹೊಂದೋ ಹಾಗೆ ಅದಕ್ಕೆ ಬಣ್ಣ ಬಳೀತಿದ್ದರು. ಇದಕ್ಕೆಲ್ಲ ಸೇರಿ ಆಂಡರ್ಸನ್ ಇಟ್ಟ ಹೆಸರು 'ಸೂಪರ್‌ಮ್ಯಾರಿಯೊನೇಶನ್'. 1967ರಲ್ಲಿ ಬಂದ ಅವರದೇ ಇನ್ನೊಂದು ಗೊಂಬೆ ಸರಣಿ 'ಕ್ಯಾಪ್ಟನ್ ಸ್ಕಾರ್ಲೆಟ್' ಹೊತ್ತಿಗೆ ಆ ಸುರುಳಿಯನ್ನ ಎದೆಗೆ ಇಳಿಸಿ ತಲೆಯನ್ನ ಮನುಷ್ಯರ ಅಳತೆಗೆ ತಂದರು. ತಲೆ ಅಳತೆಗೆ ಬಂತು ನಿಜ, ಆದರೆ ಮುಖದ ಕಳೆ ಹೋಯ್ತು ಅಂತ ನನ್ನ ಅಭಿಪ್ರಾಯ. ಥಂಡರ್‌ಬರ್ಡ್ಸ್ ಗೊಂಬೆಗಳಿಗಿರೋ ಆತ್ಮೀಯತೆ ಅವಕ್ಕಿಲ್ಲ.

ಮುಖ ಕದಲಲ್ಲ ಅಂದಿರಿ. ಮುಖ್ಯ ಪಾತ್ರಗಳಿಗೆ ಒಂದಕ್ಕಿಂತ ಹೆಚ್ಚು ತಲೆ ಇದ್ದವು: ನಗುವ ತಲೆ, ಹುಬ್ಬು ಗಂಟಿಕ್ಕಿದ ತಲೆ, ಕಣ್ಣು ಮಿಟುಕಿಸೋ ತಲೆ. ದೃಶ್ಯಕ್ಕೆ ತಕ್ಕ ಹಾಗೆ ಬದಲಾಯಿಸ್ತಿದ್ದರು. ಇನ್ನೊಂದು ಸಲ ನೋಡುವಾಗ ಗಮನಿಸಿ.

ಕುಂದಾಪ್ರದವ:
ನಡೆಯುವುದಿಲ್ಲ ಎಂದು ಹಾಸನದವರು ಹೇಳಿದ್ದರಲ್ಲಿ ತಪ್ಪಿಲ್ಲ ಮಾರಾಯ್ರೆ. ನಾನು ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿ ಬೆಳೆದವ. ನಮ್ಮಲ್ಲಿ ಗೊಂಬೆಗೆ ಜೀವ ಬರುವುದೇ ಹೆಜ್ಜೆಯಲ್ಲಿ. ಚೆಂಡೆ ಮದ್ದಳೆಯ ಪೆಟ್ಟಿಗೆ ಸರಿಯಾಗಿ ಮರದ ಕಾಲು ನೆಲ ಮುಟ್ಟಬೇಕು, ಇಲ್ಲದಿದ್ದರೆ ಸಭೆಯಲ್ಲಿ ಕೂತ ಅಜ್ಜಿಗೂ ಗೊತ್ತಾಗುತ್ತದೆ. ಮುಖ ಕೆತ್ತಿದ ಮರ, ಅದು ಕದಲುವುದಿಲ್ಲ. ಆದರೂ ಅಳುತ್ತದೆ, ಸಿಟ್ಟಾಗುತ್ತದೆ.

ಆದರೆ ಅವರ ಕಷ್ಟ ಬೇರೆ. ನಮ್ಮ ಸೂತ್ರಧಾರ ಗೊಂಬೆಯ ಬೆನ್ನಿಗೇ ನಿಲ್ಲುತ್ತಾನೆ, ಕುಣಿತ ಅವನ ಮೈಯಿಂದಲೇ ಇಳಿಯುತ್ತದೆ. ಸ್ಲೌವಿನವರು ಸೆಟ್ಟಿನ ಮೇಲೆ ಎತ್ತರದಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ನಿಂತು, ಅಷ್ಟು ಉದ್ದದ ತಂತಿಯ ತುದಿಯಲ್ಲಿ ಗೊಂಬೆ ಹಿಡಿಯಬೇಕು. ಅವರಿಗೆ ಕಾಣುವುದು ಗೊಂಬೆಯ ನೆತ್ತಿ ಮಾತ್ರ. ಮುಖ ನೋಡಲಿಕ್ಕೆ ಕ್ಯಾಮೆರಾದಿಂದ ಬರುವ ಚಿತ್ರವನ್ನು ಟಿವಿ ಪರದೆಯಲ್ಲಿ ನೋಡುತ್ತಿದ್ದರು. ಅಷ್ಟು ಉದ್ದದ ತಂತಿಯಲ್ಲಿ ಹೆಜ್ಜೆ ಹಾಕಿಸಿದರೆ ಗೊಂಬೆ ತೇಲಿದ ಹಾಗೆ ಕಾಣುತ್ತದೆ. ಹಾಗಾಗಿ ಕುರ್ಚಿಯಲ್ಲಿ ಕೂರಿಸಿದರು, ತಿರುಗುವ ಗೋಡೆ, ಜಾರುವ ಆಸನ, ಗಾಳಿಯಲ್ಲಿ ತೇಲುವ ಗಾಡಿ ಎಂದೆಲ್ಲ ದಾರಿ ಕಂಡುಕೊಂಡರು. ಗುಂಡಿ ಒತ್ತುವ, ಲೋಟ ಹಿಡಿಯುವ ಹತ್ತಿರದ ನೋಟ ಬೇಕಾದರೆ ನಿಜವಾದ ಮನುಷ್ಯನ ಕೈ.

ಅವರ ಹಿರಿಯ ಸೂತ್ರಧಾರಿಣಿಯರು ಕ್ರಿಸ್ಟೀನ್ ಗ್ಲಾನ್‌ವಿಲ್, ಮೇರಿ ಟರ್ನರ್. ಗೊಂಬೆ ಕೆತ್ತುವುದರಲ್ಲೂ ಅವರ ಕೈ ಉಂಟು. ಟ್ರೇಸಿಗಳ ಪಡೆಯ ಗುಪ್ತ ಏಜೆಂಟ್ ಲೇಡಿ ಪೆನೆಲೊಪಿಯ ಮುಖ ಮೇರಿ ಟರ್ನರ್ ಮಾಡಿದ್ದು. ಅವಳು ಟೀ ಬಟ್ಟಲು ಎತ್ತುವ ಮೊದಲು ತಲೆ ಒಂಚೂರು ಓರೆ ಮಾಡುತ್ತಾಳೆ, ನೋಡಿ. ಎಷ್ಟು ಸಣ್ಣ ಚಲನೆ! ಆದರೆ ಅಷ್ಟರಲ್ಲೇ ಅವಳು ಯಾರು, ಯಾವ ಮನೆಯವಳು ಎಂದು ತಿಳಿದುಹೋಗುತ್ತದೆ. ಇದು ಕಲಿತ ಕೈ.

ತುಂಗಾತೀರ:
ಕುಂದಾಪ್ರದವರೇ, ನಿಮ್ಮ ಮಾತು ಓದಿ ಲೇಡಿ ಪೆನೆಲೊಪಿಯ ಕಂತನ್ನ ಮತ್ತೆ ಹಾಕಿ ನೋಡಿದೆ. ನೂರಕ್ಕೆ ನೂರು ನಿಜ.

ಹಾಸನದವರೇ, 'ನಿಧಾನ' ಅನ್ನೋದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ. ನಾನು ಸಿವಿಲ್ ಕೆಲಸದವನು, ಭಾರವಾದ ಯಂತ್ರ ಸಾಗಿಸೋದು ಏನು ಅಂತ ಗೊತ್ತು. ಒಂದು ಜೆಸಿಬಿಯನ್ನ ಟ್ರೈಲರಿನಿಂದ ಇಳಿಸುವಾಗ ಹಲಗೆ ಕೂರಿಸಬೇಕು, ನೆಲ ನೋಡಬೇಕು, ಒಬ್ಬ ಹಿಂದೆ ನಿಂತು ಕೈ ಮಾಡಬೇಕು. ಥಂಡರ್‌ಬರ್ಡ್ 2 ಹೊರಡೋದು ಹಾಗೇ ಇದೆ. ಅದನ್ನ ಓಡಿಸೋ ಟ್ರೇಸಿ ಮಗ ವರ್ಜಿಲ್ ಗೋಡೆಯ ಮೇಲಿನ ರಾಕೆಟ್ ಚಿತ್ರಕ್ಕೆ ಬೆನ್ನು ಕೊಟ್ಟು ನಿಲ್ತಾನೆ. ಚಿತ್ರ ಮಗುಚಿ ಅವನು ತಲೆಕೆಳಗಾಗಿ ಜಾರಿಹೋಗ್ತಾನೆ, ಚಾಲಕನ ಸೀಟಿಗೆ ಬಂದು ಸೇರ್ತಾನೆ. ಆ ದಪ್ಪ ಹಸಿರು ವಿಮಾನ ನಾಲ್ಕು ಕಾಲಿನ ಮೇಲೆ ನಿಂತಿದೆ, ಹೊಟ್ಟೆಯ ಜಾಗ ಖಾಲಿ. ಕೆಳಗೆ ಯಂತ್ರ ತುಂಬಿದ ಆರು ಪೆಟ್ಟಿಗೆ ಸಾಲಾಗಿ ಸರೀತವೆ. ಈ ಅಪಘಾತಕ್ಕೆ ಯಾವುದು ಬೇಕೋ ಅದು ಕೆಳಗೆ ಬಂದು ನಿಲ್ಲತ್ತೆ. ವಿಮಾನ ನಿಧಾನಕ್ಕೆ ಅದರ ಮೇಲೆ ಕೂರತ್ತೆ. ಬಂಡೆಯ ಬಾಗಿಲು ತೆರೆಯತ್ತೆ. ಹೊರಗೆ ದಾರಿಯ ಎರಡೂ ಕಡೆ ಈಚಲಿನಂಥ ಮರಗಳು ಹಿಂದಕ್ಕೆ ಬಾಗಿ ಜಾಗ ಬಿಡ್ತವೆ. ಬಾಗಬೇಕು, ಇಲ್ಲದಿದ್ದರೆ ರೆಕ್ಕೆಗೆ ತಗಲತ್ತೆ!

ಪೆಟ್ಟಿಗೆ ಆರಿಸೋ ಆ ಗಳಿಗೆ ಇದೆಯಲ್ಲ, ನನ್ನ ಪ್ರಕಾರ ಇಡೀ ಸರಣಿಯ ಪ್ರಾಣ ಅದು. ಲೆಂಗೆಡೆಯಲ್ಲಿ ಇಲ್ಲದೇ ಹೋದದ್ದು ಅದೇ ತಾನೇ.

ಈ ನಿಧಾನಕ್ಕೆ ಇನ್ನೊಂದು ಕಾರಣವೂ ಇತ್ತು ಅನ್ನೋದನ್ನ ಮುಚ್ಚಿಡಲ್ಲ. ಮೊದಲು ಕಂತುಗಳನ್ನ 25 ನಿಮಿಷಕ್ಕೆ ಅಂತ ಮಾಡ್ತಿದ್ದರು. ಹಣ ಹಾಕಿದ ಲ್ಯೂ ಗ್ರೇಡ್ ಮೊದಲ ಕಂತು ನೋಡಿ, ಇದು ಟಿವಿಯಲ್ಲ ಸಿನಿಮಾ ಅಂತ ಕುಣಿದು, ಒಂದು ಗಂಟೆಯ ಕಾರ್ಯಕ್ರಮ ಮಾಡಿ ಅಂದುಬಿಟ್ಟರು. ಅಷ್ಟರಲ್ಲಿ ಹಲವು ಕಂತುಗಳ ಕೆಲಸ ಆಗಿತ್ತು. ಅವಕ್ಕೆ ಹೊಸ ದೃಶ್ಯ ಸೇರಿಸಿ ಹಿಗ್ಗಿಸಿದರು. ಕೆಲವು ಕಡೆ ಆ ಹೊಲಿಗೆ ಕಾಣತ್ತೆ, ಒಪ್ಪಿಕೊಳ್ತೀನಿ.

ಹಾಸನ ಹೈದ:
ಇಷ್ಟೆಲ್ಲ ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ ಸಾರ್. ಒಂದು ಅನುಮಾನ. ಅಷ್ಟು ಚಿಕ್ಕ ಆಟಿಕೆಯಂಥ ಮಾದರಿ ಇಷ್ಟು ಭಾರವಾಗಿ ಕಾಣೋದು ಹೇಗೆ? ಬಿಟ್ಟ ಕಂತಿನಲ್ಲೂ ಅದೊಂದು ನನಗೆ ಹಿಡಿಸಿತ್ತು.

ಸ್ಲೌ ಕನ್ನಡತಿ:
ಅದು ಡೆರೆಕ್ ಮೆಡಿಂಗ್ಸ್ ಅವರ ಕೈಚಳಕ. ಮುಂದೆ ಜೇಮ್ಸ್ ಬಾಂಡ್ ಚಿತ್ರಗಳಿಗೆ ಕೆಲಸ ಮಾಡಿದ್ದು, 1978ರ ಸೂಪರ್‌ಮ್ಯಾನ್ ಚಿತ್ರಕ್ಕೆ ಆಸ್ಕರ್ ಪಡೆದ ತಂಡದಲ್ಲಿದ್ದದ್ದು ಇವರೇ. ಅವರ ಜತೆ ಸ್ಲೌನಲ್ಲಿದ್ದ ಬ್ರಯಾನ್ ಜಾನ್ಸನ್ ಕೂಡ ಆಮೇಲೆ ಆಸ್ಕರ್ ಗೆದ್ದರು.

ವಿಷಯ ಏನಂದರೆ, ಸಣ್ಣ ವಸ್ತು ಬಿದ್ದರೆ ಬೇಗ ಬೀಳತ್ತೆ. ಅಂಗೈ ಎತ್ತರದಿಂದ ಬೀಳೋ ಕಲ್ಲಿಗೂ ಬೆಟ್ಟದಿಂದ ಬೀಳೋ ಬಂಡೆಗೂ ಹಿಡಿಯೋ ಸಮಯ ಬೇರೆ. ಕಣ್ಣು ಅದನ್ನ ಲೆಕ್ಕ ಹಾಕದೇ ತಿಳಿದುಕೊಳ್ಳತ್ತೆ, 'ಇದು ಆಟಿಕೆ' ಅಂದುಬಿಡತ್ತೆ. ಮಾದರಿ ನಿಜದ 25ರಲ್ಲಿ ಒಂದು ಭಾಗ ಇದ್ದರೆ, 25ರ ವರ್ಗಮೂಲ 5, ಅಂದರೆ ಐದು ಪಟ್ಟು ನಿಧಾನ ಮಾಡಿ ತೋರಿಸಬೇಕು. ಅವರು ಸೆಕೆಂಡಿಗೆ 120 ಚಿತ್ರದ ವೇಗದಲ್ಲಿ ತೆಗೆದು, 24ರಲ್ಲಿ ಓಡಿಸ್ತಿದ್ದರು. ಲೆಕ್ಕ ಸರಿಹೋಯ್ತಲ್ಲ! ಬೆಂಕಿ, ಹೊಗೆ, ಧೂಳು ಎಲ್ಲಕ್ಕೂ ಹೀಗೆ ತೂಕ ಬರತ್ತೆ. ಪರದೆ ಮೇಲೆ ಐದು ಸೆಕೆಂಡ್ ಕಾಣೋ ಸ್ಫೋಟ ಸ್ಟುಡಿಯೋದಲ್ಲಿ ಒಂದೇ ಸೆಕೆಂಡಿನಲ್ಲಿ ಮುಗಿದಿರತ್ತೆ. ಏನಾಗಬೇಕೋ ಅದೆಲ್ಲ ಆ ಒಂದು ಸೆಕೆಂಡಿನೊಳಗೆ ಆಗಬೇಕು.

ವಿಮಾನ ನೆಲಕ್ಕಿಳಿಯೋ ದೃಶ್ಯದಲ್ಲಿ ವಿಮಾನ ಓಡ್ತಾನೇ ಇರಲಿಲ್ಲ. ಅದನ್ನ ತಂತಿಯಲ್ಲಿ ನಿಲ್ಲಿಸಿ, ಕೆಳಗೆ ರಸ್ತೆಯನ್ನ ಬಟ್ಟೆಯ ಪಟ್ಟಿಯಾಗಿ ಉರುಳೆ ಮೇಲೆ ಓಡಿಸ್ತಿದ್ದರು. ಹಿಂದಿನ ಹುಲ್ಲು, ಮರ, ಆಕಾಶ ಒಂದೊಂದೂ ಬೇರೆ ಪಟ್ಟಿ, ದೂರ ಹೋದಷ್ಟೂ ನಿಧಾನ. ರೈಲಿನ ಕಿಟಕೀಲಿ ಹತ್ತಿರದ ಕಂಬ ಓಡೋದು, ದೂರದ ಗುಡ್ಡ ತೆವಳೋದು ನೋಡಿದ್ದೀವಲ್ಲ, ಅದನ್ನೇ ಮಾಡಿದರು.

ನನಗೆ ಇನ್ನೂ ಇಷ್ಟ ಆಗೋದು ಅವರು ಮಾದರಿಗಳನ್ನ ಕೊಳೆ ಮಾಡ್ತಿದ್ದದ್ದು. ಹೊಸ ಬಣ್ಣ ಹೊಡೆದ ಮೇಲೆ ಎಣ್ಣೆ ಕಲೆ, ಮಸಿ, ಬಳಸಿ ಬಳಸಿ ಸವೆದಂಥ ಗೆರೆ ಹಾಕ್ತಿದ್ದರು. ದುಡಿದ ಯಂತ್ರ ಕಾಣೋದು ಹಾಗೆ. ಸಣ್ಣಪುಟ್ಟ ಭಾಗಗಳಿಗೆ ಅಂಗಡಿಯ ಪ್ಲಾಸ್ಟಿಕ್ ಮಾದರಿ ಕಿಟ್‌ಗಳ ತುಂಡು ಅಂಟಿಸಿದರು. ಥಂಡರ್‌ಬರ್ಡ್ 1 ನಿಲ್ಲೋ ಜಾಗದ ಗೋಡೆಯಲ್ಲಿ ದುಂಡಗೆ, ಏಣುಏಣಾಗಿ ಒಂದು ಯಂತ್ರಭಾಗ ಕಾಣತ್ತೆ. ಅದು ನಿಂಬೆಹಣ್ಣು ಹಿಂಡೋ ಪ್ಲಾಸ್ಟಿಕ್ ಬಟ್ಟಲು. ಗೊತ್ತಾದ ಮೇಲೂ ನನಗೆ ಅದು ಯಂತ್ರವಾಗಿಯೇ ಕಾಣತ್ತೆ.

ಧಾರವಾಡ ಪೇಡೆ:
ಎಲ್ಲಾರೂ ಹೊಗಳಾಕತ್ತೀರಿ, ನಾನೂ ಅಭಿಮಾನೀನ. ಆದ್ರ ಒಂದ ಮಾತು ಹೇಳಬೇಕ್ರಿ. ಸರಣಿಯ ಖಳನಾಯಕ 'ಹುಡ್' ಯಾರು? ಪೂರ್ವ ದೇಶದಾಂವ, ಮಲೇಷ್ಯಾದ ಕಾಡಿನ ಗುಡಿಯೊಳಗ ಇರತಾನ, ಕಣ್ಣು ಮಿಂಚಿಸಿ ಮಂದಿ ಮನಸ್ಸು ಹಿಡೀತಾನ. ಅವನ ಮಲಸೋದರ ಕಿರಾನೊ ಟ್ರೇಸಿ ಮನ್ಯಾಗ ಆಳು. ಐದು ಮಂದಿ ಅಣ್ಣತಮ್ಮರಿಗೆ ಅಮೆರಿಕದ ಮರ್ಕ್ಯುರಿ ಯೋಜನೆಯ ಗಗನಯಾತ್ರಿಗಳ ಹೆಸರು ಕೊಟ್ಟಾರ: ಸ್ಕಾಟ್, ವರ್ಜಿಲ್, ಅಲನ್, ಗಾರ್ಡನ್, ಜಾನ್. ಭವಿಷ್ಯ ಕಟ್ಟೋ ಹೊತ್ತಿನ್ಯಾಗ ಬಿಳಿಯರಿಗೆ ಗಗನಯಾನ, ನಮ್ಮ ಕಡೆಯವರಿಗೆ ಮಾಟ ಇಲ್ಲಾ ಚಾಕರಿ. ನನ್ನ ಮಗಳ ಜೋಡಿ ನೋಡೂವಾಗ ಇದು ನನಗ ಚುಚ್ಚತೈತಿ.

ಸ್ಲೌ ಕನ್ನಡತಿ:
ನೀವು ಹೇಳಿದ್ದು ಸರಿ, ಅದನ್ನ ಆ ಕಾಲ ಹಾಗಿತ್ತು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಕಿರಾನೊ ಮಗಳು ಟಿನ್‌ಟಿನ್ ಎಂಜಿನಿಯರ್, ಪಡೆಯ ವಿಜ್ಞಾನಿ ಬ್ರೇನ್ಸ್ ಜತೆ ಕೆಲಸ ಮಾಡ್ತಾಳೆ. ಆದರೆ ಅವಳಿಗೂ ಕಥೆಯಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಹೆಣ್ಣುಮಕ್ಕಳಲ್ಲಿ ಸ್ವಂತ ನಿರ್ಧಾರ ತಗೊಳ್ಳೋಳು ಅಂದರೆ ಲೇಡಿ ಪೆನೆಲೊಪಿ. ಅವಳಿಗೆ ಧ್ವನಿ ಕೊಟ್ಟಿದ್ದು ಸ್ವತಃ ಸಿಲ್ವಿಯಾ ಆಂಡರ್ಸನ್. ಪಾತ್ರಗಳನ್ನ, ಉಡುಪನ್ನ ರೂಪಿಸೋದರಲ್ಲಿ ಅವರ ಪಾಲು ದೊಡ್ಡದು. ಎಷ್ಟೋ ಕಡೆ ಬರೀ ಗೆರ್ರಿ ಹೆಸರು ಹೇಳಿ ಸುಮ್ಮನಾಗ್ತಾರೆ, ನನಗೆ ಅದು ಬೇಜಾರು.

ಕೆಜಿಎಫ್ ಮಗ:
ನಾನು ಹುಟ್ಟಿ ಬೆಳೆದಿದ್ದು ಕೋಲಾರ ಚಿನ್ನದ ಗಣಿಯಲ್ಲಿ. ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ದುಡಿದವರು, 2001ರಲ್ಲಿ ಗಣಿ ಮುಚ್ಚೋವರೆಗೂ. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಒಳಗೆ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲ್ಲಾಡೋದು. ಅಮ್ಮ ಒಲೆ ಆರಿಸಿ ಬಾಗಿಲಿಗೆ ಬರೋರು. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲೇ ನಿಂತಿರೋರು, ಯಾರೂ ಮಾತಾಡ್ತಿರಲಿಲ್ಲ. ಆ ಪಾಳಿ ಮುಗಿದು ಗಂಡಸರು ಮೇಲೆ ಬರೋವರೆಗೂ ಹಾಗೇ.

ತುಂಗಾತೀರದವರು ಬರೆದ ಲೆಂಗೆಡೆ ಕಥೆ ಓದಿ ನಿದ್ದೆ ಬರಲಿಲ್ಲ. ಆ ಉಕ್ಕಿನ ಕೊಳವೆಯ ಉಪಾಯವೇ ನಮ್ಮ ದೇಶದಲ್ಲೂ ಜೀವ ಉಳಿಸಿದೆ. 1989ರ ನವೆಂಬರಿನಲ್ಲಿ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗ, ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಅಂಥದೊಂದು ಕೊಳವೆ ಮಾಡಿಸಿ, ತಾವೇ ಅದರಲ್ಲಿ ಇಳಿದು, 65 ಜನರನ್ನ ಮೇಲೆ ಕಳಿಸಿದರು. 2010ರಲ್ಲಿ ಚಿಲಿಯ 33 ಜನ ಮೇಲೆ ಬಂದದ್ದೂ ಹಾಗೇ. ನೀವು ಹೇಳಿದ ಸರಣಿ ನಾನು ನೋಡಿಲ್ಲ. ಅಪ್ಪನ ಜತೆ ನೋಡಬೇಕು. ಯಾವುದರಿಂದ ಶುರು ಮಾಡಲಿ?

ತುಂಗಾತೀರ:
ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಮೊದಲ ಕಂತಿನಿಂದಲೇ ಶುರು ಮಾಡಿ, 'ಟ್ರ್ಯಾಪ್ಡ್ ಇನ್ ದ ಸ್ಕೈ'. ಫೈರ್‌ಫ್ಲಾಶ್ ಅನ್ನೋ ಅಣುಶಕ್ತಿ ವಿಮಾನದ ಚಕ್ರದ ಜಾಗದಲ್ಲಿ ಬಾಂಬ್ ಇಟ್ಟಿರ್ತಾರೆ. ಇಳಿದರೆ ಸಿಡಿಯತ್ತೆ. ಇಳಿಯದೇ ಹಾರ್ತಾ ಇದ್ದರೆ ಅಣುಸ್ಥಾವರದ ವಿಕಿರಣ ಪ್ರಯಾಣಿಕರಿಗೆ ತಗಲತ್ತೆ. ಕೊನೆಗೆ ರನ್‌ವೇ ಮೇಲೆ ಗಾಡಿಗಳನ್ನ ವಿಮಾನದ ವೇಗಕ್ಕೆ ಓಡಿಸಿ, ಚಕ್ರವಿಲ್ಲದ ವಿಮಾನವನ್ನ ಅವುಗಳ ಬೆನ್ನ ಮೇಲೆ ಇಳಿಸಿಕೊಳ್ತಾರೆ. ಆಮೇಲೆ 'ಪಿಟ್ ಆಫ್ ಪೆರಿಲ್' ನೋಡಿ. ನೆಲ ಕುಸಿದು ಸೇನೆಯ ದೈತ್ಯ ಯಂತ್ರವೊಂದು ಉರಿಯೋ ಗುಂಡಿಗೆ ಬೀಳತ್ತೆ, ಒಳಗೆ ಮೂರು ಜನ. ಮೋಲ್ ಅನ್ನೋ ಕೊರೆಯೋ ವಾಹನ ಬರೋ ಕಂತುಗಳನ್ನ ನಿಮ್ಮಪ್ಪನಿಗೆ ತಪ್ಪದೇ ತೋರಿಸಿ. ದೊಡ್ಡ ತಿರುಪಿನಂಥ ಮೂತಿ, ಗಾಡಿಯ ಮೇಲೆ ಓರೆಯಾಗಿ ಎದ್ದು ನೆಲಕ್ಕೆ ಇಳಿಯತ್ತೆ. ಲೆಂಗೆಡೆಗೆ ತಡವಾಗಿ ಬಂದ ಯಂತ್ರವೇ ಇಲ್ಲಿ ಮೋಲ್ ಆಗಿದೆ ಅಂತ ನಾನು ನಂಬ್ತೀನಿ.

ಹೆಸರಿನ ಹಿಂದೆಯೂ ಒಂದು ಸಂಕಟ ಇದೆ. ಗೆರ್ರಿಯ ಅಣ್ಣ ಲಯನೆಲ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್. ಅಮೆರಿಕದ ಅರಿಜೋನಾದಲ್ಲಿ ತರಬೇತಿ ಪಡೀತಿದ್ದಾಗ ಮನೆಗೆ ಬರೆದ ಕಾಗದದಲ್ಲಿ ಅಲ್ಲಿನ 'ಥಂಡರ್‌ಬರ್ಡ್ ಫೀಲ್ಡ್' ಅನ್ನೋ ವಾಯುನೆಲೆಯ ಹೆಸರಿತ್ತು. ಅಣ್ಣ ಯುದ್ಧದಿಂದ ವಾಪಸ್ ಬರಲಿಲ್ಲ. ಆ ಹೆಸರು ತಮ್ಮನ ಜತೆ ಉಳೀತು.

ಹಾಸನ ಹೈದ:
ಇದೆಲ್ಲ ಓದಿದ ಮೇಲೆ ಸುಮ್ಮನಿರೋಕಾಗದೆ ನಿನ್ನೆ ರಾತ್ರಿ ಮಗಳ ಜತೆ ಮೊದಲ ಕಂತು ಪೂರ್ತಿ ನೋಡಿದೆ. ಅವಳಿಗೆ ಎಂಟು ವರ್ಷ. ಶುರುವಿನ 'ಐದು, ನಾಲ್ಕು, ಮೂರು' ಎಣಿಕೆ ಬಂದಾಗಲೇ ಎದ್ದು ನಿಂತಳು. ಬ್ಯಾರಿ ಗ್ರೇ ಅವರ ಆ ಬ್ಯಾಂಡ್ ಸಂಗೀತ ಬೆಳಗ್ಗೆ ಹಲ್ಲುಜ್ಜುವಾಗಲೂ ಗುನುಗ್ತಿದ್ದಳು. ಒಂದು ಗಾಡಿ ಹತೋಟಿ ತಪ್ಪಿ ರನ್‌ವೇ ಬಿಟ್ಟು ಹೋದಾಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಳು. ನಿಧಾನ ಅಂದಿದ್ದೆನಲ್ಲ, ಆ ಮಾತು ವಾಪಸ್ ತಗೋತೀನಿ. ಅವಳಿಗೆ ಅದು ನಿಧಾನ ಅನ್ನಿಸಲೇ ಇಲ್ಲ.

ಸ್ಲೌ ಕನ್ನಡತಿ:
ಮಗಳಿಗೆ ನನ್ನ ಕಡೆಯಿಂದ ಒಂದು ಮುತ್ತು. ಆ ಗಾಡಿ ಹತೋಟಿ ತಪ್ಪಿದ್ದು ಮೊದಲು ಕಥೆಯಲ್ಲಿ ಇರಲಿಲ್ಲ. ಚಿತ್ರೀಕರಣದಲ್ಲಿ ಎಳೆಯೋ ತಂತಿ ತುಂಡಾಗಿ ನಿಜವಾಗಿಯೇ ಅಡ್ಡಾದಿಡ್ಡಿ ಹೋಯ್ತು. ನೋಡಿದರೆ ಅಷ್ಟು ಚೆನ್ನಾಗಿ ಬಂದಿತ್ತು, ಕಥೆಗೇ ಸೇರಿಸಿಕೊಂಡರು.

ಧಾರವಾಡ ಪೇಡೆ:
ಇಷ್ಟ ಛಲೋ ಸರಣಿ ಬರೇ 32 ಕಂತಿಗೆ ಯಾಕ ನಿಂತಿತು, ಯಾರರ ಹೇಳ್ರಿ.

ಸ್ಲೌ ಕನ್ನಡತಿ:
ದುಡ್ಡು. ಅಮೆರಿಕದ ದೊಡ್ಡ ವಾಹಿನಿಗಳಿಗೆ ಮಾರಬೇಕು ಅಂತ ಲ್ಯೂ ಗ್ರೇಡ್ ಲೆಕ್ಕ ಹಾಕಿದ್ದರು, ಅವರು ಕೊಳ್ಳಲಿಲ್ಲ. ಮೊದಲ ವರ್ಷ 26, ಆಮೇಲೆ ಬರೀ 6. ಕೊನೆಯ ಕಂತು 1966ರ ಕ್ರಿಸ್ಮಸ್ ದಿನ ಬಂತು. ಎರಡು ಸಿನಿಮಾ ಮಾಡಿದರು, ಓಡಲಿಲ್ಲ. ಆದರೆ 1991ರಲ್ಲಿ ಬಿಬಿಸಿ ಮತ್ತೆ ಹಾಕಿದಾಗ ಇಲ್ಲಿನ ಮಕ್ಕಳಿಗೆ ಹುಚ್ಚು ಹಿಡೀತು. 1992ರ ಕ್ರಿಸ್ಮಸ್ ಹೊತ್ತಿಗೆ ಟ್ರೇಸಿ ದ್ವೀಪದ ಆಟಿಕೆ ಅಂಗಡಿಗಳಲ್ಲಿ ಸಿಗದೇ ಹೋಯ್ತು. ಆಗ 'ಬ್ಲೂ ಪೀಟರ್' ಅನ್ನೋ ಮಕ್ಕಳ ಕಾರ್ಯಕ್ರಮದಲ್ಲಿ ರಟ್ಟಿನ ಪೆಟ್ಟಿಗೆ, ಹಳೇ ಡಬ್ಬಿಗಳಿಂದ ಮನೇಲೇ ದ್ವೀಪ ಮಾಡೋದು ತೋರಿಸಿದರು. ನನ್ನ ಸಹೋದ್ಯೋಗಿಯೊಬ್ಬರು ಅವರಮ್ಮ ಅಂದು ಮಾಡಿಕೊಟ್ಟ ದ್ವೀಪವನ್ನ ಇನ್ನೂ ಅಟ್ಟದ ಮೇಲೆ ಇಟ್ಟಿದ್ದಾರೆ.

ಕೆಜಿಎಫ್ ಮಗ:
ಭಾನುವಾರ ಅಪ್ಪನಿಗೆ ತೋರಿಸಿದೆ. ಮೊದಲ ಕಂತಿಗೆ ಏನೂ ಹೇಳಲಿಲ್ಲ. ಮೋಲ್ ಬಂದಾಗ ಕನ್ನಡಕ ಹಾಕ್ಕೊಂಡು ಮುಂದೆ ಸರಿದು ಕೂತರು. ಅದು ಪೂರ್ತಿ ನೆಲದೊಳಗೆ ಹೋಗೋವರೆಗೂ ಕಣ್ಣು ಕದಲಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಕೊರೆದ ಮಣ್ಣೆಲ್ಲ ಎಲ್ಲಿಗೆ ಹೋಯ್ತು? ಹಿಂದಕ್ಕೆ ತಳ್ಳಿದರೆ ಬಂದ ದಾರಿ ಮುಚ್ಚತ್ತಲ್ಲ, ವಾಪಸ್ ಹೇಗೆ ಬರ್ತಾರೆ?" ಗಣಿಯಲ್ಲಿ ಅರ್ಧ ಕೆಲಸ ಕೊರೆಯೋದಾದರೆ ಇನ್ನರ್ಧ ಆ ಮಣ್ಣುಕಲ್ಲು ಹೊರಗೆ ಸಾಗಿಸೋದಂತೆ. ಯಾರಿಗಾದರೂ ಗೊತ್ತಾ?

ತುಂಗಾತೀರ:
ಅಪ್ಪ ಕೇಳಿದ ಪ್ರಶ್ನೆಗೆ ಸರಣಿಯಲ್ಲಿ ಉತ್ತರ ಇಲ್ಲ. ನಾನು 32 ಕಂತು ನೋಡಿದರೂ, ಅದೂ ಮಣ್ಣಿನ ಕೆಲಸದಲ್ಲೇ ಇರೋನಿಗೆ, ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಸಿಲ್ಕ್ಯಾರಾದಲ್ಲೂ ಆಗರ್ ಮುರಿದ ಮೇಲೆ ಕೊನೆಯ ಹತ್ತು ಹನ್ನೆರಡು ಮೀಟರ್ ಕೈಯಲ್ಲೇ ಅಗೆದು, ಮಣ್ಣನ್ನ ಕೊಳವೆಯೊಳಗಿಂದ ಟ್ರಾಲಿಯಲ್ಲಿ ಹಿಂದಕ್ಕೆ ಎಳೆದು ತೆಗೆದರಲ್ಲ. ಮುಂದಿನ ಭಾನುವಾರ ಯಾವ ಕಂತು ತೋರಿಸ್ತೀರಿ ಹೇಳಿ, ನಾನೂ ಅದೇ ಹೊತ್ತಿಗೆ ಹಾಕ್ಕೊಂಡು ಕೂರ್ತೀನಿ. ಅಪ್ಪ ಇನ್ನೇನು ಕೇಳಿದರೂ ಇಲ್ಲಿ ಬರೀರಿ.